ನಾಲ್ಕನೇ ಬಾಟಲಿ

ಊರಿನಿಂದ,
೮ ಜನವರಿ ೨೦೨೫, ಬುಧವಾರ

ಪ್ರೀತಿಯ ಅರ್ಪಿತಾ,

ಚೆನ್ನಾಗಿದ್ದೀಯಾ? ಪರೀಕ್ಷೆ ಮುಗಿಯುವವರೆಗೆ ಫೋನು ಆಫ್ ಮಾಡಿಟ್ಟಿರುತ್ತೇನೆ ಎಂದು ನೀನು ಹೇಳಿದ್ದೆ. ಆದರೂ ದಿನಕ್ಕೆರಡು ಸಲ ಮಾಡಿ ನೋಡುತ್ತಿದ್ದೆ. ನೀನು ಎತ್ತುವುದಿಲ್ಲ ಎಂಬ ಧೈರ್ಯದ ಮೇಲೆಯೇ ಮಾಡುತ್ತಿದ್ದೆ. ಈ ಕಾಗದ ಹತ್ತು ದಿನ ತಡವಾಗಿದೆ, ಅದಕ್ಕೆ ಕೆಲಸ ಕಾರಣವಲ್ಲ, ಹೆದರಿಕೆ ಕಾರಣ. ಕ್ಷಮಿಸು. ಹಾಲಿನ ಗಾಡಿ ಓಡಿಸುವ ಸ್ವರೂಪ್ ನಾಳೆ ಬೆಳಗ್ಗೆ ಮಂಡ್ಯಕ್ಕೆ ಬರುವಾಗ ನಿನ್ನ ಹಾಸ್ಟೆಲಿನ ಗೇಟಿನಲ್ಲಿ ಇದನ್ನು ಕೊಡುತ್ತಾನೆ. ಜೊತೆಗೆ ಒಂದು ಕೈಚೀಲದಲ್ಲಿ ಎರಡು ಬಾಟಲಿ ನೀರಿದೆ. ಕಾಗದ ಪೂರ್ತಿ ಓದುವ ತನಕ ಬಾಟಲಿಗಳನ್ನು ತೆಗೆಯಬೇಡ. ನಿನ್ನ ರೂಮಿನವರು ಯಾರೂ ಕುಡಿಯದ ಹಾಗೆ ನೋಡಿಕೋ.

ನನ್ನ ಸುದ್ದಿ ಹೇಳಿಬಿಡುತ್ತೇನೆ. ಮದ್ದೂರಿನ ಬೇಕರಿ ಕೆಲಸವನ್ನೂ ಬಿಟ್ಟೆ. ಹಳೇ ಕೇಕಿಗೆ ಹೊಸ ತಾರೀಖಿನ ಚೀಟಿ ಅಂಟಿಸು ಎಂದರು. ನಾನು ಕೊಳ್ಳಲು ಬಂದವರ ಎದುರಿಗೇ "ಇದು ಮೊನ್ನೇದು ಕಣಮ್ಮ" ಎಂದೆ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಮೇಷ್ಟ್ರು ಉತ್ತರ ಹೇಳಿಕೊಡುತ್ತಿದ್ದಾರೆ ಎಂದು ಸ್ಕ್ವಾಡಿನವರ ಮುಂದೆ ಎದ್ದು ನಿಂತು, ಆ ಮಧ್ಯಾಹ್ನವೇ ಸ್ಕೂಲು ಬಿಟ್ಟು ಬಂದವಳು ಇನ್ನು ಹೇಗಿದ್ದೇನು. ಊರಿನಲ್ಲಿ ನನಗೆ ಆ ಒಂದು ಹೆಸರಿದೆ, ಸಸಿ ಸುಳ್ಳೇಳಾಕಿಲ್ಲ ಅಂತ. ಅದನ್ನು ನಾನೂ ನಂಬಿಕೊಂಡಿದ್ದೆ.

ಈಗ ಅವ್ವ ಹೊರಗೆ ಹೇಳಬಾರದೆಂದು ನನ್ನ ಬಾಯಿ ಕಟ್ಟಿದ್ದ ವಿಷಯ.

ಅತ್ತಿಗೆ ಶ್ವೇತ ಬಾಣಂತನ ಮುಗಿಸಿಕೊಂಡು ದೀಪಾವಳಿಗೆ ಮುಂಚೆ ಮಗುವನ್ನು ಎತ್ತಿಕೊಂಡು ಬಂದಳು. ಅವಳ ಎದೆಹಾಲು ಬತ್ತಿಹೋಗಿತ್ತು, ಮಗುವಿಗೆ ಡಬ್ಬಿಯ ಹಾಲಿನ ಪುಡಿ. ಬಂದ ದಿನ ಕೆಂಪಗೆ, ಕೈಕಾಲು ಬಡಿದುಕೊಂಡು ಚೆನ್ನಾಗಿತ್ತು. ಹತ್ತು ದಿನಕ್ಕೆ ಅವನ ತುಟಿ ನೇರಳೆಹಣ್ಣು ತಿಂದವನ ಹಾಗಾಯಿತು. ಆಮೇಲೆ ಉಗುರುಗಳ ಬುಡ. ಆಮೇಲೆ ಕಣ್ಣಿನ ಸುತ್ತ. ಜ್ವರವಿಲ್ಲ, ಕೆಮ್ಮಿಲ್ಲ, ಅಳುವುದೂ ಕಡಿಮೆ. ತೊಟ್ಟಿಲ ಮೇಲೆ ಬಗ್ಗಿದರೆ ಆ ನೀಲಿ ಬಾಯಲ್ಲೇ ನನ್ನನ್ನು ನೋಡಿ ನಗುತ್ತಿದ್ದ. 

ಮದ್ದೂರಿನಲ್ಲಿ ತೋರಿಸಿದರೆ ಹಾರ್ಟಿನ ತೊಂದರೆ ಇರಬಹುದು, ಸ್ಕ್ಯಾನ್ ಮಾಡಿಸಿ ಎಂದರು. ಸ್ಕ್ಯಾನಿಗೆ ದಿನ ಸಿಗುವ ತನಕ ಅತ್ತಿಗೆ ಮಗುವನ್ನು ಶಿವನಸಮುದ್ರದ ಹತ್ತಿರದ ತನ್ನ ತವರಿಗೆ ಕರೆದುಕೊಂಡು ಹೋದಳು. ಅಲ್ಲಿ ನಾಲ್ಕೇ ದಿನಕ್ಕೆ ಮಗು ಕೆಂಪಾಯಿತು. ಸ್ಕ್ಯಾನಿನಲ್ಲಿ ಹಾರ್ಟು ಸರಿಯಾಗಿದೆ ಎಂದು ಬಂತು. ಎಲ್ಲರಿಗೂ ಸಮಾಧಾನವಾಗಬೇಕಿತ್ತು. ನಮ್ಮ ಮನೆಯಲ್ಲಿ ಮಾತ್ರ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಾರ್ಟು ಸರಿಯಿದೆ ಅಂದರೆ ಸರಿಯಿಲ್ಲದ್ದು ನಮ್ಮ ಮನೆ, ನಮ್ಮ ಊರು.

ಹಿಂದಿನ ಬೀದಿಯ ಮಂಚಮ್ಮನಿಗೆ ಅದು ಹೇಗೋ ಗೊತ್ತಾಯಿತು. ಬಂದು ಜಗಲಿಯ ಮೇಲೆ ಕೂತು ಎಲೆ ಮಡಿಸುತ್ತಾ ಹೇಳಿದಳು.

"ಪಟ್ಟಲಮ್ಮ, ನೀವು ಗಂಗೆ ಪೂಜೆ ಎಲ್ ಮಾಡುದ್ರಿ?"

ಕೇಳಿದ್ದು ಅವ್ವನನ್ನು. ನಿನಗೆ ಗೊತ್ತಲ್ಲ, ಬಾಣಂತಿ ಮಗುವಿನೊಂದಿಗೆ ಮೊದಲ ಸಲ ಹೊರಗೆ ಬಂದಾಗ ಬಾವಿಗೆ ಪೂಜೆ ಮಾಡಬೇಕು. ನಮ್ಮ ಹಳೇ ಬಾವಿಯಲ್ಲಿ ಯಾರೂ ನೀರು ಸೇದದೆ ಎಷ್ಟೋ ವರ್ಷವಾಯಿತು, ಸುತ್ತ ಲಂಟಾನ ಬೆಳೆದಿದೆ. ಅದಕ್ಕೇ ಅವ್ವ ಫಿಲ್ಟರ್ ನೀರಿನ ಘಟಕದ ಸ್ಟೀಲ್ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಕಾಯಿ ಒಡೆದಿದ್ದಳು. ಘಟಕ ನೋಡಿಕೊಳ್ಳುವ ಮುದ್ದಣ್ಣ ಪಕ್ಕದಲ್ಲಿ ಪೂಜಾರಪ್ಪನ ಹಾಗೆ ಕೈಕಟ್ಟಿ ನಿಂತಿದ್ದ. ಅವತ್ತು ನಾವೆಲ್ಲ ನಕ್ಕಿದ್ದೆವು.

ಮಂಚಮ್ಮ ನಗಲಿಲ್ಲ. "ನಲ್ಲಿ ಏನು ಗಂಗವ್ವನಾ? ಬಾವಿ ನೋಡ್ಕತ್ತಾ ಕೂತದೆ ಕಣವ್ವ. ಒಂದು ಬಾಣಂತೀನ ಒಳೀಕ್ ಕರ್ಕಂಡಿರಾ ಬಾವಿ ಅದು. ಬಿಂದ್ಗೆ ತೇಲ್ತು, ಅವ್ಳು ತೇಲ್ನಿಲ್ಲ. ಈಗ ಈ ಕೂಸ್ನ ಉಸ್ರನ್ನ ಇಷ್ಟಿಷ್ಟೇ ಎಳ್ಕತಾ ಅದೆ. ಅದಕ್ಕೇ ಊರ್ ಬುಟ್ಟ್ರೆ ಸರಿ ಓಯ್ತದೆ."

ನಾನು ಅವಳನ್ನು ಗದರಿಕೊಂಡೆ. ಆದರೆ ಆ ಮಾತು ನನ್ನೊಳಗೆ ಇಳಿಯಿತು. ಅದು ಇಳಿದ ಮೂರನೇ ದಿನಕ್ಕೆ ನೀನು ಏಳು ಬಾಟಲಿ ತೆಗೆದುಕೊಂಡು ಪ್ರಾಜೆಕ್ಟಿಗೆಂದು ಊರಿಗೆ ಬಂದೆ.

ಇಲ್ಲಿಂದ ನಿಧಾನವಾಗಿ ಓದು.

ಅವತ್ತು ಭಾನುವಾರ. ಕೈಪಂಪು, ಸ್ಕೂಲಿನ ತೊಟ್ಟಿ, ಗದ್ದೆಯ ಬೋರು, ಎಲ್ಲ ಮುಗಿಸಿ ನೀನು ನಾಲೆಯ ಕಡೆಗೆ ಹೊರಟೆ. ನಾಲ್ಕನೇ ಬಾಟಲಿಯನ್ನೂ ಹಗ್ಗವನ್ನೂ ನನ್ನ ಕೈಗೆ ಕೊಟ್ಟು "ಬಾವಿದು ನೀನು ತುಂಬ್ಸಿಡೇ, ನಿಂಗೆ ಭಯ ಅನ್ನೋದೇ ಇಲ್ವಲ್ಲ" ಎಂದೆ. ಫಿಲ್ಟರ್ ನೀರು ಬೇಡವಾ ಎಂದು ನಾನು ಕೇಳಿದ್ದಕ್ಕೆ "ಅದು ಫಿಲ್ಟರ್ ಆಗೇ ಬರುತ್ತಲ್ಲೇ, ಅದರಲ್ಲಿ ನೋಡೋದೇನಿದೆ" ಎಂದೆ.

ಬಾವಿಯ ಹತ್ತಿರ ಹೋದಾಗ ನೆತ್ತಿಯ ಮೇಲೆ ಸೂರ್ಯ. ಕಬ್ಬಿನ ಗರಿ ಅಲುಗುತ್ತಿರಲಿಲ್ಲ. ಒಂದು ಹಕ್ಕಿಯ ಸದ್ದಿಲ್ಲ. ಕಟ್ಟೆಯ ಮೇಲೆ ಎದೆಯೂರಿ ಒಳಗೆ ಬಗ್ಗಿದೆ. ನೀರು ಕಂಡಿತು. ನೀರಿನಲ್ಲಿ ಆಕಾಶ ಕಂಡಿತು, ಕಟ್ಟೆಯ ಕಲ್ಲಿನ ಅಂಚು ಕಂಡಿತು, ಅಂಚಿನಲ್ಲಿ ಬೆಳೆದ ಅರಳಿ ಗಿಡದ ಎಲೆ ಎಲೆಯೂ ಕಂಡಿತು. ನನ್ನ ತಲೆ ಕಾಣಲಿಲ್ಲ. ಇನ್ನಷ್ಟು ಬಗ್ಗಿದೆ. ಕೈ ಚಾಚಿ ಆಡಿಸಿದೆ. ಆ ಗಿಡದ ಪಕ್ಕದಲ್ಲಿ ನಾನಿರಬೇಕಾದ ಜಾಗದಲ್ಲಿ ಬರೀ ಆಕಾಶವಿತ್ತು. ಹಗ್ಗ ಇಳಿಬಿಟ್ಟೆ. ಬಾಟಲಿ ನೀರು ಮುಟ್ಟಿದ ಸದ್ದಾಗುವ ಮುಂಚೆಯೇ ಹಗ್ಗ ಬಿಗಿಯಾಯಿತು. ಎಳೆದ ಹಾಗಲ್ಲ. ಮಗು ಬೆರಳು ಹಿಡಿದುಕೊಳ್ಳುತ್ತದಲ್ಲ, ಹಾಗೆ.

ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡಿರಬಹುದು. ನೋಡಿದ ಕೋನ ತಪ್ಪಿರಬಹುದು. ಇದನ್ನೆಲ್ಲ ಆಮೇಲೆ ಯೋಚಿಸಿದ್ದು. ಆಗ ಜಗ್ಗಿ ಎಳೆದುಕೊಂಡು, ಖಾಲಿ ಬಾಟಲಿ ಹಿಡಿದು, ಚಪ್ಪಲಿ ಬಿಟ್ಟು ಓಡಿದೆ. ಫಿಲ್ಟರ್ ಘಟಕದ ನಲ್ಲಿಯಲ್ಲಿ ಬಾಟಲಿ ತುಂಬಿಸಿದೆ. ನೀನು ಬಂದು "ಬಾವೀದೇ ತಾನೇ?" ಎಂದು ಕೇಳಿದಾಗ "ಹೂಂ, ತಳದ್ದೇ" ಎಂದೆ. ಚೀಟಿಯ ಮೇಲೆ "೪. ಹಳೇ ಬಾವಿ" ಎಂದು ಬರೆದ ಅಕ್ಷರ ನನ್ನದು.

ಹೆದರಿದೆ ಎಂದು ನಿನ್ನೆದುರು ಒಪ್ಪಿಕೊಳ್ಳಲು ಆಗಲಿಲ್ಲ ಕಣೇ. ಬೇರೆ ಕಾರಣವಿಲ್ಲ.

ಮಾರನೇ ದಿನ ಚೀಲ ಹೊತ್ತುಕೊಂಡು ನಿನ್ನ ಜೊತೆ ಮಂಡ್ಯಕ್ಕೆ ಬಂದೆನಲ್ಲ, ನಿನ್ನ ಲ್ಯಾಬಿಗೆ. ನೀನು ಬ್ಯೂರೆಟ್ಟಿನ ತಿರುಪು ಹಿಡಿದು ಒಂದೊಂದೇ ಹನಿ ಬಿಡುತ್ತಿದ್ದೆ. ಫ್ಲಾಸ್ಕಿನಲ್ಲಿ ದ್ರಾಕ್ಷಿ ಬಣ್ಣದ ನೀರು. "ಇದು ಗಡಸುತನ ನೋಡೋ ಟೆಸ್ಟು. ಮುಗಿದಾಗ ನೀಲಿ ಆಗುತ್ತೆ, ರೆಪ್ಪೆ ಮಿಟುಕಿಸ್ಬೇಡ" ಎಂದೆ. ಒಂದು ಹನಿ ಬಿತ್ತು. ಕೆಂಪಗಿದ್ದದ್ದು ನನ್ನ ಕಣ್ಣೆದುರಿಗೇ ನೀಲಿಯಾಯಿತು. ನಾನು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ. ಲ್ಯಾಬಿನ ವಾಸನೆಗೆ ಎಂದು ನೀನು ಅಂದುಕೊಂಡೆ.

ನಿನ್ನ ಪಕ್ಕದ ಹುಡುಗಿ ಎರಡು ಸಲ ಅಳೆದು ಮೂರನೆಯದನ್ನು ಸುಮ್ಮನೆ ಬರೆದುಕೊಂಡಳು. ನೀನು ಒಂದು ಹನಿ ಹೆಚ್ಚಾಯಿತೆಂದು ಇಡೀ ಫ್ಲಾಸ್ಕು ಚೆಲ್ಲಿ ಮತ್ತೆ ಮೊದಲಿಂದ ಮಾಡಿದೆ. ನಾನು ಗೋಡೆಗೆ ಒರಗಿ ನಿನ್ನನ್ನೇ ನೋಡುತ್ತಿದ್ದೆ. ಅಷ್ಟು ಕಷ್ಟಪಟ್ಟು ಸರಿಯಾದ ಅಂಕಿಯನ್ನು ಹುಡುಕಿ, ನನ್ನ ಸುಳ್ಳು ಚೀಟಿಯ ಮುಂದೆ ಬರೆಯುತ್ತಿದ್ದೀಯ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಿಮ್ಮ ಮೇಡಂ ಬಂದರು.

ಡಿಸೆಂಬರಿನಲ್ಲಿ ಅತ್ತಿಗೆ ಮಗುವಿನ ಕಿವಿ ಚುಚ್ಚಿಸಲು ಮತ್ತೆ ಬಂದಳು. ಈ ಸಲ ಅವ್ವ ಬಹಳ ಎಚ್ಚರಿಕೆಯಿಂದಿದ್ದಳು. ಫಿಲ್ಟರ್ ನೀರನ್ನೇ ಕುದಿಸಿ, ಕುದಿಸಿ, ಅರ್ಧಕ್ಕರ್ಧ ಬತ್ತಿಸಿ, ಆರಿಸಿ, ಅದರಲ್ಲಿ ಹಾಲಿನ ಪುಡಿ ಕಲಸುತ್ತಿದ್ದಳು. ಹೋದ ಸಲಕ್ಕಿಂತ ಬೇಗ, ಆರನೇ ದಿನಕ್ಕೇ ತುಟಿ ನೀಲಿಯಾಯಿತು. ಏಳನೇ ದಿನ ಆಚಾರಿ ಬಂದು ಕಿವಿ ಚುಚ್ಚಿದ. ಒಂದು ಹನಿ ರಕ್ತ ಬಂತು. ಅದು ಕೆಂಪಗಿರಲಿಲ್ಲ ಅರ್ಪಿತಾ. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಕಂದಿದಾಗ ಬರುವ ಬಣ್ಣ. ಆಚಾರಿ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದ. "ಎಷ್ಟ್ ಮಕ್ಕುಳ್ಗೆ ಚುಚ್ಚಿವ್ನಿ, ಇಂತಾ ರಕ್ತ ಕಂಡಿಲ್ಲ ಕಣವ್ವ" ಎಂದು ಎಲೆ ಅಡಿಕೆಯನ್ನೂ ಮುಟ್ಟದೆ ಎದ್ದು ಹೋದ. ಅತ್ತಿಗೆ ಅವತ್ತೇ ಮಧ್ಯಾಹ್ನ ಮಳವಳ್ಳಿ ಬಸ್ಸು ಹತ್ತಿದಳು. ಮತ್ತೆ ನಾಲ್ಕು ದಿನ, ಮತ್ತೆ ಮಗು ಕೆಂಪು.

ಡಿಸೆಂಬರ್ ಕೊನೆಯ ವಾರದಲ್ಲಿ ನೀನು ಫೋನು ಮಾಡಿದೆ. ನಾನು ಕ್ಯಾನು ಹಿಡಿದು ಫಿಲ್ಟರ್ ಘಟಕದ ಸಾಲಿನಲ್ಲಿ ನಿಂತಿದ್ದೆ. ನಿನ್ನ ದನಿಯಲ್ಲಿ ಖುಷಿಯಿತ್ತು. "ನಾಲ್ಕನೇ ಬಾಟಲಿಲಿ ನೈಟ್ರೇಟು ಇನ್ನೂರ ಹತ್ತು ಕಣೇ. ನಲವತ್ತೈದು ದಾಟಬಾರ್ದು. ಕಬ್ಬಿಗೆ ಸುರಿಯೋ ಯೂರಿಯಾ ಎಲ್ಲಾ ಇಳಿದು ಬಾವಿ ಸೇರಿದೆ. ಮೇಡಂ ಇದೇ ನಿನ್ನ ಪ್ರಾಜೆಕ್ಟಿನ ಜೀವ ಅಂದ್ರು." ಮೈಸೂರಿನ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಅನಲಿಸ್ಟ್ ಕೆಲಸಕ್ಕೆ ಇಂಟರ್‌ವ್ಯೂ ಇದೆ, ಇಪ್ಪತ್ತನೇ ತಾರೀಖು ಇದನ್ನೇ ಅಲ್ಲಿ ಹೇಳುತ್ತೇನೆ, ಸಿಕ್ಕರೆ ದುಡಿದುಕೊಂಡೇ ಎಂ.ಎಸ್ಸಿ. ಮಾಡುತ್ತೇನೆ ಎಂದೆ. ಆಮೇಲೆ ನಗುತ್ತಾ ಹೇಳಿದೆ. "ಪುಣ್ಯಕ್ಕೆ ಆ ನೀರು ಯಾರೂ ಕುಡಿಯಲ್ಲ. ದೊಡ್ಡೋರಿಗೆ ತಕ್ಷಣಕ್ಕೆ ಏನೂ ಆಗಲ್ಲ. ಆರು ತಿಂಗಳೊಳಗಿನ ಕೂಸಿಗೆ ಅದರಲ್ಲಿ ಹಾಲು ಕಲಸಿ ಕೊಟ್ರೆ ರಕ್ತ ಉಸಿರನ್ನ ಹೊರೋದಿಲ್ಲ, ಮೈಯೆಲ್ಲಾ ನೀಲಿ ಆಗುತ್ತೆ. ಕುದಿಸಿದ್ರೆ ಇನ್ನೂ ಜಾಸ್ತಿ, ನೀರು ಆವಿಯಾಗುತ್ತೆ, ನೈಟ್ರೇಟು ಅಲ್ಲೇ ಉಳಿಯುತ್ತೆ."

ನನ್ನ ಮುಂದೆ ನಲ್ಲಿ ಸುರಿಯುತ್ತಿತ್ತು. ಅವ್ವ ಹಚ್ಚಿದ ಕುಂಕುಮದ ಕಲೆ ಇನ್ನೂ ಅದರ ಕತ್ತಿನಲ್ಲಿತ್ತು. ಹಿಂದಿನಿಂದ ಇಂದ್ರಮ್ಮ "ಇಡಿಯಮ್ಮಿ ಕ್ಯಾನ, ನಿದ್ದೆ ಓದ್ಯಾ" ಎಂದಳು. ನನ್ನ ಕೈ ಮುಂದೆ ಹೋಗಲಿಲ್ಲ. ನೀನು ಅಳೆದದ್ದು ಬಾವಿಯ ನೀರಲ್ಲ. ನಾನು ಆ ನಲ್ಲಿಯಲ್ಲೇ ತುಂಬಿಸಿದ್ದು.

ಆವತ್ತೇ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ. ಈ ಹತ್ತು ದಿನದಲ್ಲಿ ನನ್ನ ಸುಳ್ಳು ಸುಮ್ಮನೆ ಕೂರಲಿಲ್ಲ. ನಿಮ್ಮ ಕಾಲೇಜಿನ ಕಾಗದ ಪಂಚಾಯಿತಿಗೆ ಬಂತು. ಹಳೇ ಬಾವಿಗೆ ಕಬ್ಬಿಣದ ಜಾಲರಿ ಹಾಕಿ, "ಈ ನೀರು ಕುಡಿಯಲು ಯೋಗ್ಯವಲ್ಲ" ಎಂದು ಕೆಂಪು ಬೋರ್ಡು ಹೊಡೆದರು. ಅದನ್ನು ನೋಡಿ ಕೈಪಂಪಿನ ನೀರು ಕುಡಿಯುತ್ತಿದ್ದವರೂ ಹೆದರಿ ಈಗ ಫಿಲ್ಟರಿಗೇ ಬರುತ್ತಿದ್ದಾರೆ.

ಮೊನ್ನೆ ಭಾನುವಾರ ಮುದ್ದಣ್ಣನನ್ನು ಕೇಳಿದೆ. "ಮುದ್ದಣ್ಣ, ಈ ನೀರು ನಿಜವಾಗ್ಲೂ ಫಿಲ್ಟರ್ ಆಯ್ತದಾ?"

"ಆಯ್ತದಲ್ಲ. ಮರಳಿನ್ ಟ್ಯಾಂಕ್ ದಾಟ್ಕಂಡ್ ಬತ್ತದೆ."

"ಆಮೇಲೆ ನೀರಿನ ಉಪ್ಪು ತೆಗೆಯಾ ಆ ಉದ್ದನೇ ಬಿಳೀ ಕೊಳವೆ?"

ಅವನು ಆಚೀಚೆ ನೋಡಿದ. "ಅದು ಕಟ್ಕಂಡು ಬಾಳ ದಿನಾಯ್ತು ಕಣಮ್ಮಿ. ಹೊಸ್ದು ಕೊಡಿ ಅಂತ ಬರ್ಕೊಟ್ಟೆ, ಬರ್ನೇ ಇಲ್ಲ. ನೀರಿಲ್ಲ ಅಂದ್ರೆ ಜನ ಬುಟ್ಟಾರಾ? ಅದ್ನ ದಾಟ್ಸಿ ಪೈಪ್ ತಿರುಗ್ಸಿವ್ನಿ. ತಿರುಗ್ಸಿದ್ ಮ್ಯಾಲೆ ಎಲ್ರೂ ಒಗಳ್ತಾವ್ರೆ, ಮೊದ್ಲು ಸಪ್ಪೆ ಇತ್ತು, ಈಗ ನೀರ್ಗೆ ರುಚಿ ಬಂತು ಮುದ್ದಣ್ಣ ಅಂತ."

"ಬೋರು ಎಲ್ ಕೊರ್ಸಿರಾದು?"

"ಬಾವಿ ಬೆನ್ಗೇ. ಬಾವಿಯಿಂದ ಇಪ್ಪತ್ತು ಅಡಿ ದೂರ ಆಗಾಕಿಲ್ಲ. ನೀರಿರಾದೇ ಅಲ್ಲಿ ಅಲ್ವಾ."

ಮನೆಯಲ್ಲಿ ಹೇಳಿದೆ. ನಮ್ಮಣ್ಣ ಕೆಂಪಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. "ಊರ್ಗೂರೇ ಕುಡೀತದೆ, ನಾವೆಲ್ಲ ನೀಲಿ ಆಗ್ಬುಟ್ಟಿದ್ದೀವಾ? ಎಸ್ಸೆಲ್ಸಿ ಮುಗಿಸ್ದೋಳಲ್ಲ, ಕೆಮಿಸ್ಟ್ರಿ ಏಳ್ತಾಳೆ." ನಿನ್ನ ಹೆಸರು ಹೇಳಿದೆ. "ಅರ್ಪಿತಾನೇ ಬಾವಿ ಕೆಟ್ಟದ್ದು ಅಂತ ಬರ್ಕೊಟ್ಟವ್ಳೆ. ಸೀಲ್ ಅದೆ, ಸೈನ್ ಅದೆ. ನಿನ್ನ ಮಾತ್ಗೆ ಏನದೆ?" ಎಂದ. ಆ ಬಾಟಲಿಯಲ್ಲಿದ್ದದ್ದು ಫಿಲ್ಟರ್ ನೀರು, ನಾನು ಸುಳ್ಳು ಹೇಳಿದ್ದೆ ಎಂದೆ. ಅವನು ಮೊದಲ ಸಲ ನನ್ನ ಮುಖ ನೋಡಿ ನಕ್ಕ. "ಸಸಿ ಸುಳ್ಳೇಳಿದ್ಲಂತೆ. ಇದ್ನೂ ಯಾರಾರ ನಂಬ್ತಾರಾ?"

ಅತ್ತಿಗೆಗೆ ಫೋನು ಮಾಡಿ, ಸದ್ಯಕ್ಕೆ ಬರಬೇಡ ಎಂದೆ. ಅವಳು "ನನ್ನ ಕೂಸು ಆ ಮನೇಗೆ ಬರಬಾರ್ದು ಅಂತ ನಿಮ್ಮವ್ವ ಹೇಳ್ಸುದ್ರಾ?" ಎಂದು ಕಟ್ ಮಾಡಿದಳು. ಸೋಮವಾರ, ಸಂಕ್ರಾಂತಿಯ ಹಿಂದಿನ ದಿನ, ಅವಳು ಮಗುವಿನೊಂದಿಗೆ ಬರುತ್ತಾಳೆ. ಮಂಚಮ್ಮ ಹೇಳಿದ ಹಾಗೆ ಬಾವಿಗೆ ಗಂಗೆ ಪೂಜೆ ಮಾಡಿಸುವುದು, ಆಮೇಲೆ ಮಗು ಇಲ್ಲೇ ಇರುವುದು ಎಂದು ನಿಶ್ಚಯವಾಗಿದೆ. ಅವ್ವ ನೀರು ಕುದಿಸಲು ಹೊಸ ಪಾತ್ರೆಯನ್ನೇ ತಂದಿದ್ದಾಳೆ. ಅಪಶಕುನದ ಬಾಯಿ ಎಂದು ನನಗೆ ಹಾಲಿನ ಡಬ್ಬಿ ಮುಟ್ಟಬೇಡ ಎಂದಿದ್ದಾಳೆ.

ಅದಕ್ಕೇ ಈ ಎರಡು ಬಾಟಲಿ. ಒಂದು ಫಿಲ್ಟರ್ ನಲ್ಲಿಯದು, ಇಂದು ಬೆಳಗ್ಗೆ ಎಂಟಕ್ಕೆ ತುಂಬಿಸಿದ್ದು. ಇನ್ನೊಂದು ಹಳೇ ಬಾವಿಯದು, ಮಧ್ಯಾಹ್ನ ಹನ್ನೆರಡೂವರೆಗೆ ಜಾಲರಿಯ ಸಂದಿನಿಂದ ಹಗ್ಗ ಬಿಟ್ಟು ತೆಗೆದದ್ದು. ಅಲ್ಲಿಂದ ಒಂದು ಹೆಜ್ಜೆ ಇಡುವ ಮುಂಚೆಯೇ ಚೀಟಿ ಬರೆದು ಅಂಟಿಸಿದೆ. ಈ ಸಲವೂ ನೀರಿನಲ್ಲಿ ಜಾಲರಿ ಕಂಡಿತು, ಜಾಲರಿಯ ಮೇಲಿದ್ದ ನನ್ನ ಎರಡು ಕೈ ಕಂಡವು. ಮುಖ ಕಾಣಲಿಲ್ಲ. ಹಗ್ಗವನ್ನು ಹಿಡಿದುಕೊಂಡ ಹಾಗೂ ಆಯಿತು. ನಾನು ಬಿಡಲಿಲ್ಲ, ಸ್ವಲ್ಪ ಹೊತ್ತಿಗೆ ಅದೇ ಬಿಟ್ಟಿತು. ನಂಬುವುದಾದರೆ ನಂಬು. ಆದದ್ದನ್ನು ಆದ ಹಾಗೆ ಬರೆದಿದ್ದೇನೆ. ಎರಡು ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿದೆ, ಎರಡೂ ಒಂದೇ ಥರ, ಕಣ್ಣೀರಿನಷ್ಟು ತಿಳಿ.

ನಿನ್ನ ಅಂಕಿ ತಪ್ಪಲ್ಲ. ನನ್ನ ಚೀಟಿ ತಪ್ಪು. ಇದನ್ನು ನಿಮ್ಮ ಮೇಡಂಗೆ ತೋರಿಸು. ಪ್ರಾಜೆಕ್ಟು ಕೆಡಬಹುದು, ಇಂಟರ್‌ವ್ಯೂನಲ್ಲಿ ನೀನು ಹೇಳಬೇಕಾದ್ದು ಕೈತಪ್ಪಬಹುದು, ನನಗೆ ಗೊತ್ತು. ಬೇರೆಯವರಾಗಿದ್ದರೆ ಕೇಳಲು ನನಗೆ ಮುಖವಿರುತ್ತಿರಲಿಲ್ಲ. ಶನಿವಾರದೊಳಗೆ ಈ ಎರಡನ್ನೂ ಪರೀಕ್ಷೆ ಮಾಡಿ, ಸಹಿ ಹಾಕಿದ ಕಾಗದದ ಫೋಟೋವನ್ನು ಕೆಂಪಣ್ಣನ ಫೋನಿಗೆ ಕಳಿಸು. ನನ್ನ ಮಾತಿಗೆ ಬಾಗದವನು ಆ ಸಹಿಗೆ ಬಾಗುತ್ತಾನೆ. ಆಗದಿದ್ದರೆ ಸೋಮವಾರ ನಾನು ಬಸ್‌ಸ್ಟಾಪಿನಲ್ಲೇ ನಿಂತು ಅತ್ತಿಗೆಯ ಕಾಲು ಹಿಡಿಯುತ್ತೇನೆ. ಅವಳು ಒದ್ದರೂ ಬಿಡುವುದಿಲ್ಲ.

ಉಳಿದ ಪರೀಕ್ಷೆಗಳು ಚೆನ್ನಾಗಿ ಆಗಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಮಂಡ್ಯದಲ್ಲೋ ಮೈಸೂರಿನಲ್ಲೋ ನಿನಗೊಂದು ಒಳ್ಳೆಯ ಲ್ಯಾಬು ಸಿಗಲಿ, ನಿನ್ನ ಮೇಜಿಗೆ ಬರುವ ಬಾಟಲಿಗಳ ಮೇಲೆಲ್ಲ ನಿಜವೇ ಬರೆದಿರಲಿ. ನನ್ನ ಮೇಲೆ ಸಿಟ್ಟು ಮಾಡಿಕೋ, ಅದು ನ್ಯಾಯ. ಆದರೆ ಶನಿವಾರದ ನಂತರ ಮಾಡಿಕೋ.

ನಿನ್ನವಳೇ ಆದ,
ಶಶಿರೇಖಾ

ತಾ.ಕ.: ಇಷ್ಟುದ್ದ ಬರೆದೂ ಇಂಚರಳ ಹೆಸರನ್ನು ಎಲ್ಲೂ ಬರೆಯಲಿಲ್ಲ, ನೀ ಗಮನಿಸಿರುತ್ತೀಯ. ಅತ್ತಿಗೆಯ ಮೊದಲ ಕೂಸು. ಆಚೆ ವರ್ಷ ಆಷಾಢದಲ್ಲಿ ಐದು ತಿಂಗಳಿಗೆ ಹೋದಾಗ, ಹುಟ್ಟಿನಿಂದಲೇ ಹಾರ್ಟು ವೀಕು ಇತ್ತೇನೋ ಎಂದರು. ನೀನೂ ಮಣ್ಣಿಗೆ ಬಂದಿದ್ದೆ. ಅತ್ತಿಗೆ ಆಗ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಕೂಸು ಹಗಲೆಲ್ಲ ನನ್ನ ಕೈಯಲ್ಲಿತ್ತು. ಆ ಫಿಲ್ಟರ್ ನೀರಿನಲ್ಲೇ ಹಾಲು ಕಲಸುತ್ತಿದ್ದದ್ದು ನಾನು. ಅವಳು ಸಪ್ಪಗಾದಳೆಂದು ನೀರನ್ನು ಇನ್ನೂ ಹೆಚ್ಚು ಕುದಿಸಿದ್ದೂ ನಾನು. ಕೊನೆಯ ಬಾಟಲಿಯನ್ನು ಮುಖ ತಿರುಗಿಸಿದರೂ ಬಿಡದೆ ಪೂರ್ತಿ ಕುಡಿಸಿದೆ. ಅವಳ ತುಟಿಯ ಬಣ್ಣ ನೋಡಿದ್ದೆ ಅರ್ಪಿತಾ. ಆಷಾಢದ ಗಾಳಿಗೆ ಚಳಿಯಾಗಿದೆ ಎಂದುಕೊಂಡು ಟೋಪಿ ಹಾಕಿದೆ. ಯಾರಿಗೂ ಹೇಳಲಿಲ್ಲ. ಮುದ್ದಣ್ಣನನ್ನು ಇನ್ನೊಂದು ಮಾತು ಕೇಳಿದ್ದೆ, ಪೈಪು ತಿರುಗಿಸಿದ್ದು ಯಾವಾಗ ಎಂದು. ಆ ವರ್ಷದ ಯುಗಾದಿ ಕಳೆದ ವಾರ ಎಂದ. ನಾನು ಓದದವಳು, ತಪ್ಪು ತಿಳಿದಿರಬಹುದು. ನೀನು ಪುಸ್ತಕ ನೋಡಿ ಹೇಳು. ನನ್ನ ಸಮಾಧಾನಕ್ಕೆಂದು ಇಲ್ಲ ಅನ್ನಬೇಡ. ಹೌದಾದರೆ ಹೌದು ಎಂದೇ ಬರಿ.